ಮಿಕ್ಕಿದ್ದು ನಾನು ಹೇಳ್ತೀನಿ

...ಅಲ್ಲಣ್ಣ, ಆ ಗಾಜು ತಿಕ್ಕೋ ಚಕ್ರ ನಿಲ್ಲಿಸಬೇಡ. ನಿನ್ನ ಕೆಲಸ ನೀನು ಮಾಡ್ಕೊ, ನನ್ನ ಮಾತು ನನ್ನ ಪಾಡಿಗೆ ಆಗ್ತಿರತ್ತೆ. ಎಲ್ಲಿದ್ದೆ? ಹಾಂ, ಆ ಹೋಟೆಲಿನ ಗಿರಾಕಿ. ಹನ್ನೆರಡು ವರ್ಷದಿಂದ ದಿನಾ ಒಂದೇ ಹೋಟೆಲಿಗೆ ಹೋಗಿ ದಿನಾ ಟೀ ಕುಡೀತಾನಂತೆ. ಅವನಿಗೆ ಟೀ ಕಂಡ್ರೆ ಆಗಲ್ಲ. ಬೇಕಾಗಿರೋದು ಕಾಫಿ. ಆದ್ರೆ 'ಕ' ಬಾಯಿಂದ ಹೊರಡಲ್ಲ, 'ಟೀ' ಹೊರಡತ್ತೆ. ಸರಿ, ಟೀ ಕುಡೀತಾನೆ. ಅದನ್ನ ಬಂದು ಇಂಟರ್ನೆಟ್ಟಿನ ಆ ಕಟ್ಟೇಲಿ ಬರೀತಾನೆ. ಅದರ ಕೆಳಗೆ ಇನ್ನೂರು ಜನ, 'ನಂದೂ ಅದೇ ಕಥೆ' ಅಂತ. ಒಬ್ಬ ಬಸ್ಸಲ್ಲಿ ತನ್ನ ಸ್ಟಾಪಿನ ಹೆಸರು ಹೇಳಕ್ಕಾಗ್ದೆ ಮುಂದಿನ ಸ್ಟಾಪಿಗೆ ಟಿಕೆಟ್ ತಗೊಂಡು, ಇಳಿದು, ವಾಪಸ್ ನಡ್ಕೊಂಡು ಬರ್ತಾನೆ. ಒಬ್ಬಳು ಫೋನಲ್ಲಿ ಹೆಸರು ಕೇಳಿದ್ರೆ ಅವಳ ಅಕ್ಕನ ಹೆಸರು ಹೇಳಿಬಿಡ್ತಾಳೆ, ಅದು ಸುಲಭ ಅಂತ. ಈಗ ಗ್ಯಾಸಿನವನು, ಬ್ಯಾಂಕಿನವನು ಎಲ್ಲ ಅವಳನ್ನ ಅಕ್ಕನ ಹೆಸರಲ್ಲೇ ಕರೀತಾರಂತೆ.

ಯಾಕೆ, ನಗು ಬರಲಿಲ್ವಾ? ನೀನು ನಗ್ತಿದ್ದೀಯೋ ಇಲ್ವೋ ಅಂತಾನೂ ನನಗೆ ಕಾಣಲ್ಲ, ನನ್ನ ಕನ್ನಡಕ ನಿನ್ನ ಕೈಲಿದೆ. ನೀನು ಒಂದು ನೀಲಿ ಅಂಗಿ, ಅದರ ಮೇಲೆ ಒಂದು ಬಿಳಿ ಮುಖ, ಅಷ್ಟೇ. ಕಡ್ಡಿ ಸರಿಹೋಗತ್ತಾ? ನಿಧಾನಕ್ಕೆ ಮಾಡು. ಆಫೀಸಿಗೆ ರಜಾ ಹಾಕಿದ್ದೀನಿ.

ಹೌದು, ಅದು ನಿನ್ನಂಥವರ ಕಟ್ಟೆ. ಇಂಟರ್ನೆಟ್ಟಲ್ಲಿ. ಉಗ್ಗೋರ ಹರಟೆಕಟ್ಟೆ. ನಮ್ಮನೇಲಿ ಆ ಪದ ಯಾರೂ ಆಡಲ್ಲ ಅಂತ ಗೊತ್ತು, ಅಮ್ಮ ಸಾಯೋವರೆಗೂ 'ದೊಡ್ಡವನಿಗೆ ಸ್ವಲ್ಪ ಮಾತು ಕಮ್ಮಿ' ಅಂತಲೇ ಅಂದ್ಲು. ಅಲ್ಲಿ ಅವರೇ ಆಡ್ಕೊತಾರೆ, ಮುಲಾಜಿಲ್ದೆ. 'ಇವತ್ತು ಮೀಟಿಂಗಲ್ಲಿ ನಲವತ್ತು ಸೆಕೆಂಡು ಉಗ್ಗಿದೆ, ದಾಖಲೆ' ಅಂತ ಬರೀತಾರೆ.

ನಾನ್ಯಾಕೆ ಅಲ್ಲಿಗೆ ಹೋದೆ ಅಂದ್ರೆ, ಹೊಟ್ಟೆಪಾಡು. ನಮ್ಮ ಆಫೀಸು ನೀನು ನೋಡಿಲ್ಲ. ಆರು ಜನ, ಒಂದು ಗಾಜಿನ ಕೋಣೆ, ಯಾವಾಗ್ಲೂ ಅಳಿಸದೇ ಇರೋ ಒಂದು ಬಿಳಿ ಹಲಗೆ. ಒಂದು ಕಂಪನಿಯವರು ಬಂದ್ರು. ಫೋನಲ್ಲಿ ಹಾಕ್ಕೊಳ್ಳೋ ಆ್ಯಪು ಮಾಡಿದ್ದಾರೆ, ದಿನಾ ಕಾಲು ಗಂಟೆ ಅದರ ಜೊತೆ ಮಾತಾಡಿದ್ರೆ ಮಾತು ಸರಾಗ ಆಗತ್ತಂತೆ. ಅದನ್ನ ಜನಕ್ಕೆ ಮುಟ್ಟಿಸೋದು ನಮ್ಮ ಕೆಲಸ. ನಾನು ಕೂತಲ್ಲೇ ಸಾಲು ಬರೆದುಬಿಟ್ಟೆ, 'ಇನ್ನು ತಡವರಿಸಬೇಡಿ' ಅಂತ. ನಮ್ಮ ಮೇಡಮ್ಮು ನೋಡಿ, 'ಇದನ್ನ ಓದಿದವರಿಗೆ ಏನನ್ಸತ್ತೆ ಅಂತ ನಿಮಗೆ ಗೊತ್ತಾ?' ಅಂದ್ರು. ಕೋಳೀನ ಕೇಳಿ ಮಸಾಲೆ ಅರೀತಾರಾ ಮೇಡಮ್ ಅಂದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. 'ಅವರು ತಮ್ಮತಮ್ಮಲ್ಲಿ ಮಾತಾಡ್ಕೊಳ್ಳೋ ಜಾಗಕ್ಕೆ ಹೋಗಿ ಕೂತ್ಕೊಳಿ. ಮೂರು ವಾರ. ಬರೀ ಓದಿ. ಯಾವುದಕ್ಕೆ ಹೆದರ್ತಾರೆ, ಯಾವುದಕ್ಕೆ ನಗ್ತಾರೆ, ಯಾರ ಮೇಲೆ ಸಿಟ್ಟು, ಯಾವ ಪದ ಬಳಸ್ತಾರೆ. ಒಂದಕ್ಷರ ಬರೀಬೇಡಿ, ಏನನ್ನೂ ಮಾರಬೇಡಿ' ಅಂದ್ರು.

ನಾನಂದೆ, ಮೂರು ವಾರ ಯಾಕೆ ಮೇಡಮ್, ನಮ್ಮಣ್ಣನೇ ಒಬ್ಬ ಇದ್ದಾನೆ, ಇವರ ಒಳಗು ಹೊರಗು ನನಗೆ ಗೊತ್ತು. ಹಾಗಂದೆ, ಹೌದು. ನೀನೇನು ಅನ್ಕೊಳಲ್ಲ ಅಂತ ಗೊತ್ತಿತ್ತು.

ಓದಿದ್ದು ಮೊದಲ ದಿನ ನೂರು ಪುಟ. ಅಯ್ಯೋ ಪಾಪ ಅನ್ಬೇಕಿತ್ತು ಅಂತಾನಾ? ನನಗೆ ರೇಗಿಹೋಯ್ತು. ಮಾತಾಡಕ್ಕಾಗಲ್ಲ ಅಂತ ಪುಟಗಟ್ಟಲೆ ಮಾತು. ಯಾರ ಮೇಲೆ ಇವರಿಗೆ ಸಿಟ್ಟು ಹೇಳು? ಆಡ್ಕೊಂಡು ನಗೋರ ಮೇಲಲ್ಲ. ಅವರನ್ನ ಬಿಟ್ಟುಬಿಡ್ತಾರೆ, ಮೂರ್ಖರು ಅಂತ. ಸಿಟ್ಟೆಲ್ಲ ಸಹಾಯ ಮಾಡೋರ ಮೇಲೆ. 'ಗಾಬರಿ ಆಗ್ಬೇಡಿ, ಉಸಿರು ತಗೊಳ್ಳಿ' ಅನ್ನೋ ಬ್ಯಾಂಕಿನವಳ ಮೇಲೆ. ತಲೆ ಆಡಿಸ್ತಾ ಆಡಿಸ್ತಾ ಮಿಕ್ಕ ವಾಕ್ಯ ತಾವೇ ಹೇಳಿಬಿಡೋ ಹೆಂಡತಿ ಮೇಲೆ, ಸ್ನೇಹಿತನ ಮೇಲೆ. ಉಪಕಾರ ಮಾಡಿದ ಕೈನೇ ಕಚ್ಚೋ ಜನ. ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ: 'ಕೃತಜ್ಞತೆ ಕಮ್ಮಿ.' ಮೇಡಮ್ಮು ಅದರ ಪಕ್ಕ ಕೆಂಪು ಪೆನ್ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ರು, ಮಾರುದ್ದದ್ದು.

ಚಕ್ರ ನಿಲ್ಲಿಸಿಬಿಟ್ಟೆಯಲ್ಲ. ಗಾಜು ತಿಕ್ಕಿದ್ದು ಆಯ್ತಾ? ಸರಿ, ಸರಿ.

ಅಲ್ಲಿ ಎಲ್ಲರಿಗೂ ಅಡ್ಡಹೆಸರು. ಅರ್ಧ ಟಿಕೆಟ್ಟು, ಮೂಗಿನ ನತ್ತು, ಹಳೇ ರೇಡಿಯೋ. ಒಬ್ಬ ಇದ್ದಾನೆ, 'ಅಲ್ಪವಿರಾಮ' ಅಂತ. ಅವನೇ ಅಲ್ಲಿ ಹಿರೀಕ. ಏನು ಬರೀತಾನೆ ಅಂತೀಯ, ಒಂದು ಕಾಗುಣಿತ ತಪ್ಪಿಲ್ಲ, ಅಚ್ಚು ಹಾಕಿದ ಹಾಗೆ ವಾಕ್ಯ. ಹೊಸ ಹುಡುಗರು ಇಂಟರ್‌ವ್ಯೂಗೆ ಹೋಗೋ ಮುಂಚೆ ಅವನನ್ನ ಕೇಳ್ತಾರೆ. ಯಾರೋ ಒಬ್ಬಳು ತನ್ನ ಮಗೂಗೂ ಉಗ್ಗು ಬಂದಿದೆ ಅಂತ ಅತ್ತಾಗ ಅವನು ನಾಲ್ಕೇ ಸಾಲು ಬರೆದ. ಅದನ್ನ ಅವಳು ಪ್ರಿಂಟ್ ತೆಗ್ಸಿ ಗೋಡೆಗೆ ಅಂಟಿಸಿಕೊಂಡಿದ್ದಾಳಂತೆ. ನನಗೆ ಅವನನ್ನ ಕಂಡ್ರೇ ಆಗ್ತಿರಲಿಲ್ಲ. ಎಲ್ಲಿಯ ದೊಡ್ಡಮನುಷ್ಯ ಇವನು, ಮೂಲೇಲಿ ಕೂತು ಉಪದೇಶ ಮಾಡೋಕೆ? ನಾಲ್ಕು ಜನರ ಮುಂದೆ ಎದ್ದು ನಿಂತ್ಕೊಂಡು ಹೇಳಲಿ ನೋಡೋಣ.

ಏನು? ಸುಮ್ನೆ ಕೆಮ್ಮಿದ್ಯಾ. ಧೂಳು.

ಎರಡನೇ ವಾರ ನಾನು ಮೇಡಮ್ ಮಾತು ಮೀರಿದೆ. ಬರೀ ಓದು ಅಂದ್ರೆ ನನ್ನ ಕೈಲಾಗತ್ತಾ? ನಾಲಿಗೆ ಕಡಿಯಕ್ಕೆ ಶುರುವಾಯ್ತು. ಒಂದು ಖಾತೆ ತೆಗೆದೆ, 'ಕೊನೇ ಬೆಂಚು' ಅಂತ ಹೆಸರಿಟ್ಕೊಂಡೆ. ನಾನೂ ನಿಮ್ಮವನೇ, ಚಿಕ್ಕಂದಿನಿಂದ ಉಗ್ಗು ಇದೆ ಅಂದೆ. ಯಾರೂ ನಂಬಲ್ಲ ಅನ್ಕೊಂಡಿದ್ದೆ. ಅಯ್ಯೋ, ಬಾಗಿಲು ತೆಗೆದು ಒಳಗೆ ಕರ್ಕೊಂಡ್ರು. ಒಂದು ಕಥೆ ಹೇಳು ಅಂದ್ರು. ಹೇಳಿದೆ.

ಯಾವ ಕಥೆ ಅಂದ್ರೆ... ಆ ಹಾಜರಿ ಕಥೆ. ನಮ್ಮ ಸ್ಕೂಲಿಂದು. ಒಂದೇ ಕೋಣೇಲಿ ಎರಡು ಕ್ಲಾಸು, ನೀನು ನಾಲ್ಕನೇದು, ನಾನು ಎರಡನೇದು. ಮೇಷ್ಟ್ರು ನಿನ್ನ ಹೆಸರು ಕರೀತಾರೆ, ನೀನು ಎದ್ದು ನಿಂತಿದ್ದೀಯ, ಬಾಯಿ ತೆಗೆದಿದ್ದೀಯ, 'ಹಾಜರ್' ಅನ್ನೋದು ಬರ್ತಾ ಇಲ್ಲ. ಎದುರಿಗೇ ನಿಂತವನಿಗೆ ಮೇಷ್ಟ್ರು ಗೈರುಹಾಜರಿ ಹಾಕಿದ್ರು. ಅದನ್ನೇ ಬರೆದೆ, 'ನೀನು' ಇದ್ದ ಕಡೆ 'ನಾನು' ಅಂತ ಹಾಕಿ. ಐನೂರು ಜನ ಓದಿದ್ರು ಅಣ್ಣ. ಹಳೇ ರೇಡಿಯೋ ಅನ್ನೋ ಮುದುಕ 'ಮಗಾ, ಅಳಿಸಿಬಿಟ್ಟೆ' ಅಂದ. ಮಾರನೇ ದಿನ ಅದರ ಬಾಲಕ್ಕೆ ಒಂದು ಸಾಲು ಸೇರಿಸಿದೆ, 'ಈಚೆಗೆ ಒಂದು ಆ್ಯಪ್ ಬಳಸ್ತಿದ್ದೀನಿ, ಪರವಾಗಿಲ್ಲ' ಅಂತ. ಕಥೆ ಬಿತ್ತಿ ಬೆಳೆ ತೆಗೆಯೋದು, ಅದೇ ನಮ್ಮ ಕಸುಬು. ಮೇಡಮ್ಮಿಗೆ ಹೇಳಿರಲಿಲ್ಲ. ಫಲ ಬಂದ ಮೇಲೆ ಹೇಳೋಣ ಅಂತಿದ್ದೆ.

ನಿನ್ನ ಕಥೆ ನಾನು ಹೇಳ್ಕೊಂಡೆ ಅಂತ ಬೇಜಾರಾ? ನಿನ್ನ ಕಥೆಗಳನ್ನೆಲ್ಲ ನಾನೇ ತಾನೇ ಹೇಳ್ತಿದ್ದಿದ್ದು ಯಾವಾಗ್ಲೂ? ನೆಂಟರು ಬಂದ್ರೆ, ಡಾಕ್ಟರ ಹತ್ರ ಹೋದ್ರೆ, ನಿನಗೆ ಹೆಣ್ಣು ನೋಡೋಕೆ ಹೋದಾಗ ಕೂಡ. ಅತ್ತಿಗೆ ಇವತ್ತಿಗೂ ಅಂತಾರಲ್ಲ, 'ನಾನು ನಿಮ್ಮ ತಮ್ಮನ ಮಾತು ಕೇಳಿ ನಿಮ್ಮನ್ನ ಒಪ್ಕೊಂಡಿದ್ದು' ಅಂತ.

ಹೋಗಲಿ. ಎರಡು ದಿನ ಬಿಟ್ಟು ಆ ಅಲ್ಪವಿರಾಮ ನನಗೆ ಒಂದು ಸಂದೇಶ ಕಳಿಸಿದ. ಎಲ್ಲರಿಗೂ ಕಾಣೋ ಹಾಗಲ್ಲ, ನನಗೊಬ್ಬನಿಗೇ. ಬಾಯಿಪಾಠ ಆಗಿದೆ ನನಗೆ. 'ಕಥೆ ಚೆನ್ನಾಗಿದೆ. ಆದರೆ ಎರಡನೇ ತರಗತಿಯ ಸಾಲಿನಿಂದ ಎದ್ದು, “ಇದ್ದಾನೆ ಸಾರ್, ಇಲ್ಲೇ ಇದ್ದಾನೆ” ಎಂದ ಚಿಕ್ಕ ಹುಡುಗನನ್ನು ಯಾಕೆ ಬಿಟ್ಟೆ? ಆ ಕಥೆಯಲ್ಲಿ ನನಗೆ ಇಷ್ಟವಾದವನು ಅವನೊಬ್ಬನೇ.'

ಅಷ್ಟೇ ಬರೆದಿದ್ದೆ ನೀನು.

ನೀನೇ ಅಂತ ಆಗ ಗೊತ್ತಾಯ್ತು ನೋಡು. ಕೂತಿದ್ದ ಕುರ್ಚಿ ಕೆಳಗಿಂದ ಯಾರೋ ಎಳೆದ ಹಾಗಾಯ್ತು. ನನ್ನ ಅಣ್ಣ, ಇಡೀ ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು, ಅವನು ಎಂಟು ವರ್ಷದಿಂದ ಅಲ್ಲಿ ಸಾವಿರಾರು ಜನಕ್ಕೆ ಹಿರಿಯಣ್ಣ. ನನಗೆ ಗೊತ್ತೇ ಇಲ್ಲ. ಅತ್ತಿಗೇಗೆ ಗೊತ್ತಾ? ಗೊತ್ತಿರಬೇಕು. ಖಾತೆ ಅಳಿಸಿ ಹಾಕಿದೆ. ಒಂಬತ್ತು ದಿನ ಆಯ್ತು. ನೀನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಇವತ್ತು ಬಂದೆ.

ಆಯ್ತಾ ರಿಪೇರಿ? ಕೊಡು. ಕಿವಿ ಹಿಂದೆ ಸರಿಯಾಗಿ ಕೂತಿದೆ. ಇರು... ಈಗ ಕಾಣ್ತೀಯ.

ಯಾಕಣ್ಣ ಹಾಗೆ ನೋಡ್ತೀಯ?

ಸರಿ, ಕನ್ನಡಕದ ನೆಪ ಅದು. ಕಡ್ಡಿ ನಾನೇ ಬಗ್ಗಿಸಿಕೊಂಡು ಬಂದೆ. ಕೆಲಸ ಇದೆ ನಿನ್ನ ಹತ್ರ. ಮೇಡಮ್ಮಿಗೆ ಎಲ್ಲ ಗೊತ್ತಾಗಿಹೋಯ್ತು, ನನ್ನ ಸುಳ್ಳು ಖಾತೆ, ಬಾಲ, ಎಲ್ಲ. ಬೈದಿದ್ದರೆ ವಾಸಿಯಿತ್ತು. 'ಅವರ ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಓಡಾಡಿದ್ದೀರ' ಅಂದ್ರು, ಅಷ್ಟೇ. ಈಗ ಆ ಕಟ್ಟೆಯವರಲ್ಲಿ ಯಾರಾದರೂ ಒಬ್ಬರು ತಾವಾಗೇ ಬಂದು, ನಮ್ಮೆದುರು ಒಂದು ಗಂಟೆ ಕೂತು, ಈ ಆ್ಯಪು ಬೇಕೋ ಬೇಡವೋ ಅಂತ ಹೇಳಬೇಕಂತೆ. ಅಲ್ಲೀವರೆಗೂ ಕೆಲಸ ಮುಂದಕ್ಕೆ ಹೋಗಲ್ಲ. ಅವರ ಕಣ್ಣು ಇರೋದು ಅಲ್ಪವಿರಾಮನ ಮೇಲೆ. ಅವನು ನಮ್ಮಣ್ಣ ಅಂತ ನಾನು ಹೇಳಿಲ್ಲ. ಬರೀ, ಕರ್ಕೊಂಡು ಬರ್ತೀನಿ ಅಂತ ಹೇಳಿದ್ದೀನಿ. ನೀನು ಮಾತಾಡೋದು ಏನೂ ಬೇಡ. ಸುಮ್ನೆ ಕೂತಿರು, ನೀನು ಬರೆದಿದ್ದನ್ನ ನಾನು ಓದ್ತೀನಿ, ಪ್ರಶ್ನೆ ಕೇಳಿದ್ರೆ ನಾನೇ...

ಗೊತ್ತಾಯ್ತು. ಗೊತ್ತಾಯ್ತು, ಹಾಗೆ ನೋಡಬೇಡ.

ಏನದು, ಫೋನ್ ಯಾಕೆ ತೆಗೀತೀಯ? ಏನು ತೋರಿಸ್ತೀಯ? ...ಓ. ಇದು. ಇದನ್ನ ಓದಿದ್ಯಾ ಅಂತ ಕೇಳ್ತಿದ್ದೀಯಾ?

ಓದಿರಬಹುದು. ಅಷ್ಟೊಂದು ಓದಿದ್ದೀನಿ, ಯಾವುದು ಅಂತ ನೆನಪಿರತ್ತೆ?

ಓದಿದ್ದೀನಿ.

ನಾಲ್ಕನೇ ದಿನ. ಸರಿನಾ? ಸಂದೇಶ ಬಂದಾಗ ಗೊತ್ತಾಯ್ತು ಅಂದಿದ್ದು ಸುಳ್ಳು. ನಾಲ್ಕನೇ ದಿನವೇ, ಇದನ್ನ ಓದಿದಾಗಲೇ ಗೊತ್ತಾಯ್ತು ಅದು ನೀನು ಅಂತ. ಗೊತ್ತಿದ್ದೂ ಅಲ್ಲಿ ಖಾತೆ ತೆಗೆದೆ. ನೀನು ಓದ್ತೀಯ ಅಂತ ಗೊತ್ತಿದ್ದೂ ಆ ಹಾಜರಿ ಕಥೆ ಬರೆದೆ. ಯಾಕೆ ಅಂತ ಕೇಳಬೇಡ. ನಿನಗಿಂತ ಚೆನ್ನಾಗಿ ಹೇಳ್ತೀನಿ ಅಂತ ತೋರಿಸಬೇಕಿತ್ತೇನೋ. ಆ ಐನೂರು ಜನಾನ ನಿನ್ನಿಂದ ಕಿತ್ಕೋಬೇಕಿತ್ತೇನೋ.

ಗಟ್ಟಿಯಾಗಿ ಓದಬೇಕಾ? ನಾನೇ?

'ನನ್ನ ತಮ್ಮ ನನ್ನ ವಾಕ್ಯಗಳನ್ನೆಲ್ಲ ಮುಗಿಸಿಕೊಡುತ್ತಾನೆ. ಹತ್ತರಲ್ಲಿ ಎಂಟು ಸರಿಯಾಗಿರುತ್ತವೆ. ಉಳಿದ ಎರಡರಲ್ಲಿ ನಾನು ಬದುಕುತ್ತಿದ್ದೇನೆ.'

ಇದಕ್ಕೆ ನಾನು ನೋಟ್‌ಬುಕ್ಕಲ್ಲಿ ಏನು ಬರ್ಕೊಂಡೆ ಗೊತ್ತಾ? 'ಅತಿ ನಾಟಕ' ಅಂತ.

'ಆಗ ನನಗೆ ಇಪ್ಪತ್ಮೂರು ವರ್ಷ. ಕನ್ನಡಕದ ತರಬೇತಿ ಶಾಲೆಯಲ್ಲಿ ಮೊದಲನೆಯವನಾಗಿ ಪಾಸಾಗಿ ಅಪ್ಪನ ಅಂಗಡಿಗೆ ಮರಳಿದ್ದೆ. ಒಂದು ಮಧ್ಯಾಹ್ನ ಶಾಲೆಯ ಪ್ರಿನ್ಸಿಪಾಲರು ಫೋನ್ ಮಾಡಿದರು. ಕೈಕೆಲಸ ಹೇಳಿಕೊಡಲು ನಿನ್ನಂಥವನೇ ಬೇಕು, ಮಾತು ನಿಧಾನವಾದರೂ ಚಿಂತೆಯಿಲ್ಲ, ಬರ್ತೀಯಾ ಎಂದು ಕೇಳಿದರು. ನಾನು ಉತ್ತರ ಶುರುಮಾಡಿದೆ. ಬ ಎಂಬ ಅಕ್ಷರದ ಮೇಲೆ ನಿಂತುಹೋದೆ. ಪಕ್ಕದಲ್ಲಿದ್ದ ತಮ್ಮ ಫೋನು ತೆಗೆದುಕೊಂಡು, ಬರಲ್ಲ ಅಂತಿದ್ದಾನೆ ಸಾರ್, ಎಂದ.'

ನೀನೇ ಫೋನ್ ಕೊಟ್ಟೆ ನನಗೆ. ಹಾಗಂತಲೇ ನಾವು... ಇಲ್ಲ, ಹಾಗಂತ ನಾನು ಹೇಳ್ಕೊಂಡು ಬಂದೆ. ಅಪ್ಪಂಗೂ ಹಾಗೇ ಹೇಳಿದ್ದು. 'ದೊಡ್ಡವನೇ ಒಲ್ಲೆ ಅಂದ' ಅಂತ. ಅಪ್ಪ ಒಳ್ಳೇದಾಯ್ತು ಅಂದು ಸುಮ್ಮನಾದರು. ನೀನು ಇಲ್ಲೇ, ಇದೇ ಚಕ್ರದ ಮುಂದೆ, ಬೆನ್ನು ತಿರುಗಿಸಿ ಕೂತಿದ್ದೆ. ಒಂದು ಪತ್ರ ಬರೀಬಹುದಿತ್ತಲ್ಲ ಅಣ್ಣ. ಬರೆಯೋಕೆ ನಿನಗೇನು ಉಗ್ಗಾ? ಒಂದು ಕಾರ್ಡು ಗೀಚಿ ಹಾಕಿದ್ರೆ ಆಗ್ತಿತ್ತು. ಇಪ್ಪತ್ತು ವರ್ಷ ಸುಮ್ಮನಿದ್ದು ಈಗ ಊರಿಗೆಲ್ಲ...

ಓದ್ತೀನಿ. ಕೊನೇದು ತಾನೇ. ಓದ್ತೀನಿ.

'ಪತ್ರ ಬರೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬರೆಯಲಿಲ್ಲ. ತಮ್ಮ ಬೇಕೆಂದು ಹಾಗೆ ಹೇಳಿದವನಲ್ಲ, ತಪ್ಪಾಗಿ ಕೇಳಿಸಿಕೊಂಡ. ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದವನು ಅವನು. ಅವನಿಗೇ ನಾನು ಅರ್ಥವಾಗಲಿಲ್ಲ ಎಂದ ಮೇಲೆ, ಒಂದು ಕೋಣೆಯ ತುಂಬ ಕೂತ ಮಕ್ಕಳಿಗೆ ಹೇಗೆ ಅರ್ಥವಾದೇನು? ಪಾಠ ಹೇಳುವ ಆಸೆಯನ್ನು ಅವತ್ತೇ ಬಿಟ್ಟೆ. ಆ ತೀರ್ಮಾನ ನನ್ನದು, ಅವನದಲ್ಲ.'

...

ಇದೇ, ಇದೊಂದೇ ನನ್ನ ಕೈಲಿ ಓದಕ್ಕಾಗಲಿಲ್ಲ ಅಣ್ಣ ಅವತ್ತು. ಈ ಸಾಲಿಗೆ ಬಂದಾಗ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಪಕ್ಕದವಳು ಏನಾಯ್ತು ಅಂದ್ಲು. ಮೂರ್ಖರ ಸಂತೆ ಅಂದೆ.

ಏನಾದರೂ ಅನ್ನು. ಒಂದು ಬೈಗುಳನಾದರೂ ಬೈ. ಹಾಗೆ ಕೈ ಕಟ್ಕೊಂಡು ನಿಂತ್ರೆ ನನಗೆ... ನಿಜವಾಗ್ಲೂ ತಪ್ಪಾಗಿ ಕೇಳಿಸ್ಕೊಂಡ್ಯಾ ಅಂತ ನೀನು ಒಂದು ಮಾತು ಕೇಳ್ತಾನೂ ಇಲ್ಲ. ನನ್ನ ಮೇಲೆ ಅನುಮಾನ ಪಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಅನುಮಾನ ಪಡದೇ ಇರೋದಕ್ಕೆ ನಿನಗೆ ಎಷ್ಟು ಸೊಕ್ಕು.

ನಾನು ತಪ್ಪಾಗಿ ಕೇಳಿಸ್ಕೊಂಡಿರಲಿಲ್ಲ.

ನಿನ್ನ ಕಣ್ಣು ನೋಡಿದ್ದೆ ನಾನು. ನಿನ್ನ ಮುಖ ಹಾಗೆ ಅರಳಿದ್ದನ್ನ ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. 'ಬರ್ತೀನಿ' ಅಂತಿದ್ದೆ ನೀನು. ನೀನು 'ಬ' ಅನ್ನೋ ಮುಂಚೇನೇ ಗೊತ್ತಿತ್ತು ನನಗೆ. ಇನ್ನು ಎರಡು ಕ್ಷಣ ಬಿಟ್ಟಿದ್ದರೆ ನೀನೇ ಹೇಳಿಬಿಡ್ತಿದ್ದೆ, ತುಟಿ ಸಡಿಲ ಆಗಿತ್ತು ಆಗಲೇ. ಅದಕ್ಕೇ ಕಿತ್ಕೊಂಡೆ. ನೀನು ಹೋದ್ರೆ ಅಪ್ಪನ ಅಂಗಡೀಲಿ ನಾನು ಕೂರಬೇಕಿತ್ತು. ನನಗೆ ಎಂ.ಎ. ಸೀಟು ಬಂದು ಹದಿನೈದು ದಿನ ಆಗಿತ್ತು, ಮನೇಲಿ ಹೇಳಿರಲಿಲ್ಲ. ನಾನು ಈ ಧೂಳಲ್ಲಿ ಕೂರೋ ಮನುಷ್ಯ ಅಲ್ಲ ಅಂತ... ಮಾತು ಬಲ್ಲವನು ನಾನು, ನನಗೆ ಇದಲ್ಲ ಅಂತ...

ಅರ್ಥ ಆಗ್ತಿತ್ತು ಅಣ್ಣ. ನಿನ್ನ ಮಾತು. ಪ್ರತಿ ಸಲ, ಪ್ರತಿ ಅಕ್ಷರ. ಆ ಮಕ್ಕಳಿಗೂ ಆಗ್ತಿತ್ತು.

...ಹಾಂ ಅತ್ತಿಗೆ? ಗಿರಾಕಿನಾ? ಬಂದ, ಅಣ್ಣ ಈಗಲೇ ಬರ್ತಾನೆ, ಎರಡು ನಿಮಿಷ ಕೂರಿಸಿ...

ನೋಡಿದ್ಯಾ. ನಿನ್ನ ಉತ್ತರ ನಾನೇ ಕೊಟ್ಟೆ. ಇಷ್ಟೆಲ್ಲ ಆಡಿ ಇನ್ನೂ ಬಾಯಿ ಒಣಗಿಲ್ಲ ನನಗೆ.

ಹೋಗಲ್ವಾ? ಬಾಗಿಲು ಯಾಕೆ ಹಾಕ್ತೀಯ? ಸ್ಟೂಲು ನನಗಾ. ಕೂತ್ಕೊಂಡೆ.

ಏನೋ ಹೇಳಬೇಕು ನಿನಗೆ. ಗಂಟಲಲ್ಲಿ ನಿಂತಿದೆ, ಕಾಣ್ತಿದೆ. ಅದು ಏನು ಅಂತ...

ಗೊತ್ತಿಲ್ಲ ನನಗೆ. ನಿಜವಾಗ್ಲೂ ಗೊತ್ತಿಲ್ಲ.

ಹೇಳು.